1/35 ಬ್ರೆನ್ ಕ್ಯಾರಿಯರ್ ಪ್ರಿಂಟ್ ಕಿಟ್ ತಗೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ಹಳೆಯ ಬ್ರಿಟಿಷ್ ಸೇನಾ ವಾಹನಗಳ ಮಾಡೆಲ್ ಕಟ್ಟುವವರಿಗೆ ಒಂದು ಎಚ್ಚರಿಕೆ. (1/35 ಅಂದರೆ ಅಸಲಿ ಗಾಡಿಯ 35ರಲ್ಲಿ ಒಂದು ಪಾಲು ಅಳತೆ.) ‘ಅಸಲಿ ಗಾಡಿಯಿಂದಲೇ ಅಳತೆ ತೆಗೆದದ್ದು’ ಅಂತ ಬೋರ್ಡು ಹಾಕಿಕೊಂಡು ಮಾರುವ 3ಡಿ ಪ್ರಿಂಟ್ ಕಿಟ್‌ಗಳು ಈಗ ಆನ್‌ಲೈನಿನಲ್ಲಿ ಸಿಕ್ಕಾಪಟ್ಟೆ ಆಗಿವೆ. ಎಲ್ಲವೂ ಮೋಸ ಅಲ್ಲ. ಕೆಲವರ ಕೆಲಸ ನೋಡಿದರೆ ಕಣ್ಣಿಗೆ ಹಬ್ಬ. ಆದರೆ ನನ್ನ ಕೈಗೆ ಬಂದ ಪೆಟ್ಟಿಗೆಯ ಕಥೆ ಬೇರೆ. ಬೆಂಗಳೂರು, ಮೈಸೂರಿನ ಗೆಳೆಯರು ‘ನೀವು ಇಂಗ್ಲೆಂಡಿನಲ್ಲೇ ಇದ್ದೀರಲ್ಲ, ಊರಿಗೆ ಬರುವಾಗ ಒಂದು ಕಿಟ್ ತನ್ನಿ’ ಅಂತ ಇಂಥವೇ ಲಿಂಕ್ ಕಳಿಸುತ್ತಿದ್ದಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನಗೆ ಬೇಕಾಗಿದ್ದು 1940ರಲ್ಲಿ ಫ್ರಾನ್ಸಿಗೆ ಹೋದ ಬ್ರಿಟಿಷ್ ಸೇನೆಯ ಬ್ರೆನ್ ಕ್ಯಾರಿಯರ್. ತಲೆ ಮೇಲೆ ಸೂರಿಲ್ಲದ, ಟ್ಯಾಂಕಿನ ಹಾಗೆ ಟ್ರ್ಯಾಕ್ (ಉಕ್ಕಿನ ಪಟ್ಟಿ) ಮೇಲೆ ಓಡುವ ಪುಟ್ಟ ಕವಚದ ಗಾಡಿ. ಮಧ್ಯದಲ್ಲಿ ಫೋರ್ಡ್ ವಿ8 ಎಂಜಿನ್, ಅದರ ಅಕ್ಕಪಕ್ಕ ಆಳುಗಳು. ಇದರ ಮುಂದಿನ ರೂಪವೇ ಯೂನಿವರ್ಸಲ್ ಕ್ಯಾರಿಯರ್. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ ಎಲ್ಲ ಸೇರಿ ಈ ಕುಟುಂಬದ ಗಾಡಿಗಳು ಒಂದು ಲಕ್ಷಕ್ಕೂ ಜಾಸ್ತಿ ತಯಾರಾದವು. ಜಗತ್ತಿನಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದ ಬೇರೆ ಕವಚ ವಾಹನ ಇಲ್ಲ. (ಜಮ್‌ಶೆಡ್‌ಪುರದಲ್ಲಿ ತಯಾರಾಗಿ ‘ಟಾಟಾನಗರ’ ಅಂತ ಹೆಸರಾದದ್ದು ನಾಲ್ಕು ಚಕ್ರದ ಇಂಡಿಯನ್ ಪ್ಯಾಟರ್ನ್ ಕ್ಯಾರಿಯರ್. ಅದು ಬೇರೆಯೇ ಗಾಡಿ. ಹೆಸರು ನೋಡಿ ಎರಡನ್ನೂ ಕಲಸಿಕೊಳ್ಳಬೇಡಿ.)

ಯೂನಿವರ್ಸಲ್ ಕ್ಯಾರಿಯರ್ ಬೇಕು ಅಂದರೆ ತಲೆನೋವಿಲ್ಲ, ಜಪಾನಿನ ತಮಿಯಾ ಕಂಪನಿಯ ಹಳೇ ಪ್ಲಾಸ್ಟಿಕ್ ಕಿಟ್ ಇದೆ. ಬ್ರೆನ್ ಕ್ಯಾರಿಯರ್‌ನ ಹಿಂಭಾಗ ಮಾತ್ರ ಬೇರೆ. ಯೂನಿವರ್ಸಲ್‌ನಲ್ಲಿ ಎಂಜಿನ್ನಿನ ಎರಡೂ ಪಕ್ಕ ಆಳು ಕೂರುವ ಜಾಗ ಉಂಟು. ಬ್ರೆನ್‌ನಲ್ಲಿ ಒಂದೇ ಪಕ್ಕ. ಹಾಗಾಗಿ ‘ಬ್ರೆನ್ ಕ್ಯಾರಿಯರ್, 1940, 1/35, ಮ್ಯೂಸಿಯಂ ಅಳತೆ’ ಅಂತ ಜಾಹೀರಾತು ಕಂಡಾಗ 80 ಪೌಂಡ್ ಕೊಟ್ಟು ತರಿಸಿದೆ. ಜಾಹೀರಾತಿನಲ್ಲಿ ಇದ್ದ ಚಿತ್ರಗಳೆಲ್ಲ ಕಂಪ್ಯೂಟರಿನಲ್ಲಿ ಮಾಡಿದ ರೆಂಡರ್. ನಿಜವಾದ ಪ್ರಿಂಟಿನ ಫೋಟೋ ಕೇಳಿದ್ದಕ್ಕೆ ‘ಆರ್ಡರ್ ಬಂದ ಮೇಲೇ ಪ್ರಿಂಟ್ ಮಾಡೋದು, ಫೈಲ್ ಅಂತೂ ನೂರಕ್ಕೆ ನೂರು ಸರಿ’ ಅಂತ ಉತ್ತರ ಬಂತು.

ಪೆಟ್ಟಿಗೆ ಬಂದ ದಿನವೇ ವರ್ನಿಯರ್ ಕ್ಯಾಲಿಪರ್ ಹಿಡಿದು ಕೂತೆ. ನಿಜವಾದ ಗಾಡಿ ಸುಮಾರು 12 ಅಡಿ ಉದ್ದ, 6 ಅಡಿ 9 ಇಂಚು ಅಗಲ. 1/35ಕ್ಕೆ ಇಳಿಸಿದರೆ 104.5 ಮಿ.ಮೀ. ಉದ್ದ, 59 ಮಿ.ಮೀ.ಗೆ ಒಂಚೂರು ಕಡಿಮೆ ಅಗಲ. ಎರಡೂ ಸರಿಯಾಗಿಯೇ ಇದ್ದವು. ಮೋಸ ಅಡಗಿರುವುದೇ ಇಲ್ಲಿ. ಉದ್ದ ಅಗಲ ನೋಡಿ ಸುಮ್ಮನಾಗುವವರೇ ಜಾಸ್ತಿ. ದಪ್ಪ ನೋಡಬೇಕು.

ಕ್ಯಾರಿಯರ್‌ನ ಕವಚ ಇರುವುದು 7ರಿಂದ 10 ಮಿ.ಮೀ. ಅಷ್ಟೇ. ರೈಫಲ್ ಗುಂಡು, ಸಿಡಿದ ಚೂರು ತಡೆದರೆ ಸಾಕು ಅನ್ನುವ ಲೆಕ್ಕ. 1/35ರಲ್ಲಿ ಅದು 0.3 ಮಿ.ಮೀ. ಕೂಡ ಆಗುವುದಿಲ್ಲ. ಅಷ್ಟು ತೆಳ್ಳಗೆ ಪ್ಲಾಸ್ಟಿಕ್ ಕಿಟ್‌ಗಳೂ ಕೊಡುವುದಿಲ್ಲ, ಒಪ್ಪುತ್ತೇನೆ. ಮೇಲಿನ ಅಂಚನ್ನು ಒಳಗಡೆಯಿಂದ ಉಜ್ಜಿ ತೆಳ್ಳಗೆ ಕಾಣುವ ಹಾಗೆ ನಾವೇ ಮಾಡಿಕೊಳ್ಳುತ್ತೇವೆ. ಆದರೆ ಈ ಪ್ರಿಂಟಿನ ಪಕ್ಕದ ತಗಡು 1.9 ಮಿ.ಮೀ. ಇತ್ತು. 35ರಿಂದ ಗುಣಿಸಿ ನೋಡಿ, 66 ಮಿ.ಮೀ. ಮೀರುತ್ತದೆ. ಆ ಕಾಲಕ್ಕೆ ಭಾರೀ ಕವಚದ ಟ್ಯಾಂಕ್ ಅನ್ನಿಸಿಕೊಂಡ ಮಟಿಲ್ಡಾದ ಅತಿ ದಪ್ಪ ಕವಚವೇ 78 ಮಿ.ಮೀ. ಗಾಡಿಯ ಮೇಲಿನ ಬ್ರೆನ್ ಗನ್ನಿನ (ಹಗುರ ಮೆಷಿನ್ ಗನ್) ನಳಿಗೆ 1.6 ಮಿ.ಮೀ., ಅಂದರೆ ನಿಜದಲ್ಲಿ 56 ಮಿ.ಮೀ. 6 ಪೌಂಡರ್ ಟ್ಯಾಂಕ್ ನಿರೋಧಕ ತೋಪಿನ ಗುಂಡು 57 ಮಿ.ಮೀ. ಇರುತ್ತದೆ ಅಂದ ಮೇಲೆ ಲೆಕ್ಕ ಹಾಕಿ. ರಿವೆಟ್‌ಗಳಂತೂ ತಗಡಿಗೆ ರಾಗಿಕಾಳು ಅಂಟಿಸಿದ ಹಾಗಿದ್ದವು.

ಯಾಕೆ ಹೀಗೆ ಅಂತ ಮೊದಲು ಹೊಳೆಯಲಿಲ್ಲ. ಎಲ್ಲ ದಪ್ಪಗಳನ್ನೂ ಒಂದು ಹಾಳೆಯಲ್ಲಿ ಬರೆದು 1.6ರಿಂದ ಭಾಗಿಸಿದಾಗ ಗುಟ್ಟು ಬಯಲಾಯಿತು. ತಗಡು 1.2. ನಳಿಗೆ ಸರಿಯಾಗಿ 1. ರಿವೆಟ್ 0.5. ಎಲ್ಲವೂ ದುಂಡು ಸಂಖ್ಯೆ! ಈ 1.6 ಎಲ್ಲಿಂದ ಬಂತು ಅಂದರೆ, 56ನ್ನು 35ರಿಂದ ಭಾಗಿಸಿದರೆ ಬರುವುದು ಅದೇ. 1/56 ಅನ್ನುವುದು ಮೇಜಿನ ಮೇಲೆ ಆಡುವ ಯುದ್ಧದಾಟದವರ ಅಳತೆ, 28 ಮಿ.ಮೀ. ಬೊಂಬೆಗಳ ಜೊತೆ ಇಡುವಂಥದ್ದು. ಆಟದಲ್ಲಿ ಹತ್ತು ಕೈ ಮುಟ್ಟುತ್ತವೆ, ಕೆಳಗೆ ಬೀಳುತ್ತದೆ. ಮುರಿಯಬಾರದು ಅಂತ ಬೇಕೆಂದೇ ತಗಡು, ನಳಿಗೆ ದಪ್ಪ ಮಾಡಿರುತ್ತಾರೆ. ದೂರದಿಂದ ಕಾಣಲಿ ಅಂತ ರಿವೆಟ್ ಉಬ್ಬಿಸಿರುತ್ತಾರೆ. ಆ ಕೆಲಸಕ್ಕೆ ಅದು ಸರಿಯೇ, ಬೈಯುವಂಥದ್ದೇನೂ ಇಲ್ಲ. ಅದೇ ಫೈಲನ್ನು ಶೇಕಡಾ 160ಕ್ಕೆ ಹಿಗ್ಗಿಸಿ ‘ಮ್ಯೂಸಿಯಂ ಅಳತೆ’ ಅಂತ ಮಾರುವುದು ಮಾತ್ರ ಹಗಲು ದರೋಡೆ. ಹಿಗ್ಗಿಸಿದರೆ ಉದ್ದ ಅಗಲ ತಾನಾಗಿಯೇ ಸರಿಹೋಗುತ್ತದೆ. ದಪ್ಪವೂ ಜೊತೆಗೇ ಊದಿಕೊಳ್ಳುತ್ತದೆ, ಹೊಸ ವಿವರವಂತೂ ಒಂದೂ ಹುಟ್ಟುವುದಿಲ್ಲ.

ವಿವರ ಅಂದೆ, ಅದಕ್ಕೊಂದು ಉದಾಹರಣೆ. ಕ್ಯಾರಿಯರ್ ತಿರುಗುವ ರೀತಿ ಬಹಳ ಮಜವಾಗಿದೆ. ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೆ ಮುಂದಿನ ಜೋಡಿ ಚಕ್ರಗಳ ಬೋಗಿ (ಚಕ್ರಗಳನ್ನು ಹಿಡಿದಿರುವ ಚೌಕಟ್ಟು) ಪಕ್ಕಕ್ಕೆ ಸರಿದು ಟ್ರ್ಯಾಕನ್ನೇ ಬಿಲ್ಲಿನ ಹಾಗೆ ಬಾಗಿಸುತ್ತದೆ, ಗಾಡಿ ನಿಧಾನಕ್ಕೆ ಹೊರಳುತ್ತದೆ. ಇನ್ನೂ ಜಾಸ್ತಿ ತಿರುಗಿಸಿದರೆ ಆ ಕಡೆಯ ಟ್ರ್ಯಾಕಿಗೆ ಬ್ರೇಕ್ ಬೀಳುತ್ತದೆ. ಇದಕ್ಕಾಗಿ ಎಡ ಬಲದ ಎರಡೂ ಬೋಗಿಗಳನ್ನು ಸೇರಿಸುವ ಒಂದು ಅಡ್ಡ ಕೊಳವೆ ಗಾಡಿಯ ಒಡಲನ್ನು ಹಾಯ್ದು ಹೋಗುತ್ತದೆ. ಮಾಡೆಲ್ ಕಟ್ಟುವವನಿಗೆ ಇಂಥದ್ದೇ ಅಲ್ವಾ ಖುಷಿ? ನನ್ನ ಪ್ರಿಂಟಿನಲ್ಲಿ ಆ ಕೊಳವೆಯೇ ಇಲ್ಲ. ಚಕ್ರ, ಸ್ಪ್ರಿಂಗ್, ಟ್ರ್ಯಾಕ್ ಎಲ್ಲ ಒಂದೇ ಮುದ್ದೆ. ಇನ್ನು ಹಿಂಭಾಗ? ಎರಡೂ ಪಕ್ಕ ಆಳು ಕೂರುವ ಜಾಗ. ಅಂದರೆ ಬ್ರೆನ್ ಕ್ಯಾರಿಯರ್ರೇ ಅಲ್ಲ, ಯೂನಿವರ್ಸಲ್!

ಜೊತೆಗೆ ಬಂದ ಬಣ್ಣದ ಹಾಳೆ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ‘1940, ಡಂಕರ್ಕ್’ ಅಂತ ಬರೆದು ಆಲಿವ್ ಡ್ರಾಬ್ (ಮಬ್ಬು ಕಂದು ಹಸಿರು) ಬಣ್ಣ, ಮೇಲೆ ಬಿಳಿ ನಕ್ಷತ್ರ. ಬ್ರಿಟಿಷರು ಎಸ್‌ಸಿಸಿ 15 ಅನ್ನುವ ಸಂಖ್ಯೆಯ ತಮ್ಮ ಆಲಿವ್ ಡ್ರಾಬಿಗೆ ಬಂದದ್ದು 1944ರಲ್ಲಿ. ಆ ನಕ್ಷತ್ರ ಮಿತ್ರಪಕ್ಷಗಳ ಗುರುತಾಗಿ ಬ್ರಿಟಿಷ್ ಗಾಡಿಗಳ ಮೇಲೆ ಬಂದದ್ದೂ ಯುದ್ಧದ ಕೊನೆಯ ವರ್ಷಗಳಲ್ಲೇ. 1940ರ ಫ್ರಾನ್ಸಿನ ಗಾಡಿಗೆ ಇರಬೇಕಾದ್ದು ಖಾಕಿ ಗ್ರೀನ್ ನಂಬರ್ 3, ಅದರ ಮೇಲೆ ಡಾರ್ಕ್ ಗ್ರೀನ್ ನಂಬರ್ 4ರ ಅಗಲ ಪಟ್ಟೆ. ಡೆಕಾಲ್‌ನಲ್ಲಿದ್ದ (ಮಾಡೆಲ್ ಮೇಲೆ ಅಂಟಿಸುವ ಗುರುತುಗಳ ಹಾಳೆ) ನೋಂದಣಿ ಸಂಖ್ಯೆ ‘ಎಲ್’ ಅಕ್ಷರದಿಂದ ಶುರುವಾಗಿತ್ತು. ಎಲ್ ಅಂದರೆ ಲಾರಿ ಮಾರಾಯ್ರೇ. ಟ್ಯಾಂಕು, ಕ್ಯಾರಿಯರ್‌ಗಳಿಗೆ ‘ಟಿ’.

ಬಣ್ಣದ ವಿಷಯದಲ್ಲಿ ಮಾರುವವರನ್ನಷ್ಟೇ ಬೈದರೆ ನ್ಯಾಯವಲ್ಲ. ಉತ್ತರ ಆಫ್ರಿಕಾದ ಬ್ರಿಟಿಷ್ ಟ್ಯಾಂಕುಗಳಿಗೆ ಬಳಿಯುತ್ತಿದ್ದ, ‘ಕಾಂಟರ್’ ಅನ್ನುವ ಓರೆ ಪಟ್ಟೆಗಳ ಬಣ್ಣಗಾರಿಕೆಯಲ್ಲಿ ತಿಳಿ ನೀಲಿ ಇತ್ತು ಅಂತ ದಶಕಗಳ ಕಾಲ ಎಲ್ಲರೂ ನಂಬಿದ್ದರು. ಮ್ಯೂಸಿಯಂನ ಟ್ಯಾಂಕಿಗೇ ನೀಲಿ ಬಳಿದಿದ್ದರು, ಅದನ್ನು ನೋಡಿ ಕಿಟ್ ಕಂಪನಿಗಳೂ ನೀಲಿ ಅಂದವು. ಮೈಕ್ ಸ್ಟಾರ್ಮರ್ ಅವರಂಥ ಸಂಶೋಧಕರು ಹಳೆಯ ಆದೇಶ, ಬಣ್ಣದ ಮಾದರಿಗಳನ್ನು ಕೆದಕಿದ ಮೇಲೆ ಅದು ಸಿಲ್ವರ್ ಗ್ರೇ, ಹಸಿರು ಛಾಯೆಯ ಬೂದು ಅಂತ ಗೊತ್ತಾಯಿತು. ಆದ್ದರಿಂದ ‘ಮ್ಯೂಸಿಯಂನಲ್ಲಿ ನೋಡಿಯೇ ಮಾಡಿದ್ದು’ ಅನ್ನುವುದು ನಿಜವೇ ಆಗಿದ್ದರೂ ಬಣ್ಣದ ಮಟ್ಟಿಗೆ ಅದು ಸಾಕ್ಷಿಯಲ್ಲ.

ಇಲ್ಲಿಯವರೆಗಿನದು ದುಡ್ಡಿನ ನಷ್ಟ. ಇನ್ನು ಹೇಳುವುದು ಮೈಗೆ ಸಂಬಂಧಿಸಿದ್ದು, ದಯವಿಟ್ಟು ಹಾರಿಸಿ ಓದಬೇಡಿ. ಬಣ್ಣ ಹಿಡಿಯುತ್ತದಾ ನೋಡೋಣ ಅಂತ ಮಧ್ಯದ ಎಂಜಿನ್ ಡಬ್ಬಕ್ಕೆ ಮಾತ್ರ ಪ್ರೈಮರ್ (ಬಣ್ಣಕ್ಕೆ ಮುಂಚಿನ ತಳಪದರ) ಹೊಡೆದಿಟ್ಟಿದ್ದೆ. ಕೆಲವು ವಾರ ಕಳೆದರೂ ಒಂದು ಮೂಲೆ ಅಂಟಂಟು. ಆಮೇಲೆ ಅಲ್ಲೇ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಬಿರುಕಿನಿಂದ ಹಳದಿ ಬಣ್ಣದ ಜಿಗುಟು ದ್ರವ ಒಸರಿ ಪ್ರೈಮರ್ ಗುಳ್ಳೆ ಎದ್ದಿತು, ಕೆಳಗಿದ್ದ ಕಟಿಂಗ್ ಮ್ಯಾಟಿನ ಮೇಲೂ ಹರಿಯಿತು. ವಾಸನೆ ಬೇರೆ. ಇಂಥ ಪ್ರಿಂಟ್ ಮಾಡುವುದು ರೆಸಿನ್‌ನಿಂದ, ಅಂದರೆ ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವದಿಂದ. ಅದನ್ನು ಉಳಿಸಲು ಮಾರಾಟಗಾರ ಡಬ್ಬವನ್ನು ಒಳಗೆ ಟೊಳ್ಳಾಗಿ ಪ್ರಿಂಟ್ ಮಾಡಿದ್ದ. ಒಳಗಿನ ಹಸಿ ರೆಸಿನ್ ಬಸಿದು ಹೋಗಲು ತೂತೇ ಬಿಟ್ಟಿರಲಿಲ್ಲ. ಹೊರಗೆ ಯುವಿ ಬೆಳಕು ಬಿದ್ದು ಗಟ್ಟಿಯಾಗುತ್ತದೆ, ಒಳಗಿನದು ಹಸಿಯಾಗಿಯೇ ಉಳಿದು ನಿಧಾನಕ್ಕೆ ಗೋಡೆಯನ್ನು ಸೀಳುತ್ತದೆ.

ಹಸಿ ರೆಸಿನ್ ಚರ್ಮಕ್ಕೆ ತಾಗಿದರೆ ತುರಿಕೆ, ಗುಳ್ಳೆ ಬರಬಹುದು. ಪದೇ ಪದೇ ತಾಗಿ ಒಮ್ಮೆ ಅಲರ್ಜಿ ಅಂಟಿಕೊಂಡರೆ ಆಮೇಲೆ ಚೂರು ತಾಗಿದರೂ ಕಾಟ ಕೊಡುತ್ತದೆ. ಹಾಗಾಗಿ ಹೊಸ ಪ್ರಿಂಟ್ ಬಿಚ್ಚುವಾಗ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಅಂಟಂಟು ಇದ್ದರೆ, ಮೂಗಿಗೆ ಘಾಟು ಹೊಡೆದರೆ ಅದು ಪೂರ್ತಿ ಗಟ್ಟಿಯಾಗಿಲ್ಲ ಅಂತಲೇ ಅರ್ಥ. ಗಟ್ಟಿಯಾದ ರೆಸಿನ್ನನ್ನೂ ಒಣದಾಗಿ ಉಜ್ಜಬೇಡಿ. ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಸೋರಿದ್ದನ್ನು ಸಿಂಕಿಗೆ ಸುರಿಯಬಾರದು. ಟಿಶ್ಯೂನಲ್ಲಿ ಒರೆಸಿ, ಬಿಸಿಲಿಗಿಟ್ಟು ಗಟ್ಟಿಯಾದ ಮೇಲೆ ಕಸಕ್ಕೆ ಹಾಕಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇಂಥ ಭಾಗ ಕೈಗೆ ಸಿಗದ ಹಾಗೆ ಇಡಿ.

ದುಡ್ಡಿನ ವಿಷಯಕ್ಕೆ ಬರೋಣ. ‘ಆರ್ಡರ್ ಮೇಲೆ ಮಾಡಿದ್ದು, ವಾಪಸ್ ಇಲ್ಲ’ ಅಂತ ಮಾರಾಟಗಾರ ಒಂದೇ ಪಲ್ಲವಿ ಹಾಡಿದ. ಆನ್‌ಲೈನಿನಲ್ಲಿ ವ್ಯಾಪಾರಿಯಿಂದ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೇ ರದ್ದು ಮಾಡುವ ಹಕ್ಕು ಇಲ್ಲಿ ಬ್ರಿಟನ್ನಿನಲ್ಲಿ ಇದೆ, ಗ್ರಾಹಕ ಹೇಳಿದ ಹಾಗೆ ವಿಶೇಷವಾಗಿ ಮಾಡಿಕೊಟ್ಟ ವಸ್ತುಗಳಿಗೆ ಅದರಿಂದ ವಿನಾಯಿತಿಯೂ ಇದೆ. ಆ ವಿನಾಯಿತಿಯನ್ನೇ ಗುರಾಣಿ ಮಾಡಿಕೊಳ್ಳುತ್ತಾರೆ. ಆದರೆ ವಸ್ತು ವರ್ಣನೆಗೆ ತಕ್ಕ ಹಾಗೆ ಇರಲೇಬೇಕು ಅನ್ನುವುದು 2015ರ ಗ್ರಾಹಕ ಹಕ್ಕುಗಳ ಕಾಯ್ದೆ. ಅದಕ್ಕೆ ಈ ನೆಪ ನಡೆಯುವುದಿಲ್ಲ. ವಸ್ತು ಕೈ ಸೇರಿದ 30 ದಿನದೊಳಗೆ ‘ಇದು ನೀವು ಹೇಳಿದ್ದಲ್ಲ, ತಗೊಳ್ಳಿ, ದುಡ್ಡು ಕೊಡಿ’ ಅನ್ನಬಹುದು. ನಾನು ಅಳತೆ ತೆಗೆದ ವಾರವೇ ಹಾಗೆಂದು ಬರೆದಿದ್ದೆ. ಆತ ಉತ್ತರ ಕೊಡುವುದನ್ನೇ ನಿಲ್ಲಿಸಿದ ಮೇಲೆ ಪೇಪಾಲ್‌ನಲ್ಲಿ ದೂರು ಹಾಕಿದೆ. ಅಲ್ಲಿ 180 ದಿನದವರೆಗೆ ಅವಕಾಶ ಇರುತ್ತದೆ.

ಕೆಲಸಕ್ಕೆ ಬಂದದ್ದು ಫೋಟೋಗಳು. ‘ಚೆನ್ನಾಗಿಲ್ಲ’, ‘ನಿಖರ ಇಲ್ಲ’ ಅಂತ ಎಷ್ಟು ಗೋಗರೆದರೂ ದೂರು ನೋಡುವವರಿಗೆ ಮಾಡೆಲ್ ಗಂಧಗಾಳಿ ಇರುವುದಿಲ್ಲ. ಕ್ಯಾಲಿಪರ್ ಕಚ್ಚಿಸಿದ ತಗಡಿನ ಫೋಟೋ, ಪಕ್ಕದಲ್ಲಿ ಆತನದೇ ಜಾಹೀರಾತಿನ ಸ್ಕ್ರೀನ್‌ಶಾಟ್, ಬ್ರೆನ್ ಕ್ಯಾರಿಯರ್‌ನ ಹಿಂಭಾಗದ ಹಳೆಯ ಚಿತ್ರ ಮತ್ತು ನನಗೆ ಬಂದ ಹಿಂಭಾಗ. ಇಷ್ಟು ನೋಡಿದರೆ ಯಾರಿಗಾದರೂ ಅರ್ಥವಾಗುತ್ತದೆ. ಕಿಟ್ಟಿನ ದುಡ್ಡು ವಾಪಸ್ ಬಂತು, ಅಂಚೆ ಖರ್ಚು ಹೋಯಿತು. ಅದೇ ಮಾರಾಟಗಾರ ‘5 ಪೌಂಡ್ ಕಡಿಮೆ ಮಾಡುತ್ತೇನೆ, ಫ್ರೆಂಡ್ಸ್ ಅಂಡ್ ಫ್ಯಾಮಿಲಿ ಅಂತ ಕಳಿಸಿ’ (ಪೇಪಾಲ್‌ನಲ್ಲಿ ಪರಿಚಿತರಿಗೆ ದುಡ್ಡು ಕಳಿಸುವ ದಾರಿ) ಅಂದಾಗ ನಾನು ಒಪ್ಪಿರಲಿಲ್ಲ. ಒಪ್ಪಿದ ಇನ್ನೊಬ್ಬರಿಗೆ ಬಿಡಿಗಾಸೂ ಬರಲಿಲ್ಲ. ಹಾಗೆ ಕಳಿಸಿದ ದುಡ್ಡಿಗೆ ಕೊಳ್ಳುವವರ ರಕ್ಷಣೆ ಅನ್ವಯಿಸುವುದೇ ಇಲ್ಲ.

ಈಗ ನಾನು ಯಾರ ಹತ್ತಿರ ಪ್ರಿಂಟ್ ಕೊಳ್ಳುವುದಾದರೂ ಮೊದಲು ಕೇಳುವುದು ಇಷ್ಟು: ಪ್ರೈಮರ್ ಹೊಡೆದ ನಿಜವಾದ ಪ್ರಿಂಟಿನ ಫೋಟೋ ಕಳಿಸಿ, ಪಕ್ಕದಲ್ಲಿ ಸ್ಕೇಲ್ ಇಡಿ. ತೀರಾ ತೆಳ್ಳಗಿನ ತಗಡು ಎಷ್ಟು ಮಿ.ಮೀ. ಹೇಳಿ. ಫೈಲ್ ಯಾವ ಅಳತೆಗೆ ಬರೆದದ್ದು? ಟೊಳ್ಳು ಭಾಗಕ್ಕೆ ತೂತು ಎಲ್ಲಿದೆ? ಒಳ್ಳೆಯ ಕೆಲಸಗಾರರಿಗೆ ಇಂಥ ಪ್ರಶ್ನೆ ಕೇಳಿದರೆ ಖುಷಿ, ಕೇಳದ್ದನ್ನೂ ಹೇಳುತ್ತಾರೆ. ಸಿಡುಕುವವರ ಹತ್ತಿರ ವ್ಯವಹಾರ ಬೇಡ. ಅದೇ ಫೈಲ್ 1/56, 1/48, 1/35, 1/16 ಎಲ್ಲ ಅಳತೆಯಲ್ಲೂ ಸಿಗುತ್ತದೆ ಅಂತ ಜಾಹೀರಾತಿನಲ್ಲಿದ್ದರೆ ಅನುಮಾನ ಪಡಿ. ಸಾಧ್ಯವಾದರೆ ನವೆಂಬರ್‌ನಲ್ಲಿ ಟೆಲ್‌ಫರ್ಡ್‌ನಲ್ಲಿ ನಡೆಯುವ ಸ್ಕೇಲ್ ಮಾಡೆಲ್‌ವರ್ಲ್ಡ್‌ನಂಥ ಮಾಡೆಲ್ ಪ್ರದರ್ಶನಕ್ಕೆ ಹೋಗಿ, ಮುಟ್ಟಿ ನೋಡಿ ಕೊಳ್ಳಿ. ಅಳತೆ, ಆಕಾರ ತಾಳೆ ನೋಡಲು ಡಾರ್ಸೆಟ್‌ನ ಬೋವಿಂಗ್‌ಟನ್ ಟ್ಯಾಂಕ್ ಮ್ಯೂಸಿಯಂ, ಇಂಪೀರಿಯಲ್ ವಾರ್ ಮ್ಯೂಸಿಯಂನ ಯುದ್ಧಕಾಲದ ಫೋಟೋಗಳು ಇವೆ. ಕರ್ನಾಟಕದವರಿಗೆ ಹತ್ತಿರದ್ದು ಅಹಮದ್‌ನಗರದ (ಈಗಿನ ಅಹಿಲ್ಯಾನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ. ಮಟಿಲ್ಡಾ, ವ್ಯಾಲೆಂಟೈನ್, ಚರ್ಚಿಲ್, ಸೆಂಚೂರಿಯನ್ ಎಲ್ಲ ಅಲ್ಲಿ ನಿಂತಿವೆ.

ಊರಿನಿಂದ ನೇರವಾಗಿ ತರಿಸುವವರು ಇನ್ನೂ ಹುಷಾರಾಗಿರಬೇಕು. ಕಸ್ಟಮ್ಸ್ ಸುಂಕ ಕಟ್ಟಿ ಬಿಡಿಸಿಕೊಂಡ ಪೆಟ್ಟಿಗೆಯನ್ನು ವಾಪಸ್ ಕಳಿಸಲು ಕಿಟ್ಟಿನ ಬೆಲೆಯಷ್ಟೇ ಖರ್ಚಾಗಬಹುದು. ಅದನ್ನೂ ಸೇರಿಸಿ ಲೆಕ್ಕ ಹಾಕಿ. ಮಾರಾಟಗಾರ ಭಾರತದಲ್ಲೇ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಾಹೀರಾತು, ಚಾಟ್, ಪಾವತಿ ಮೂರರ ಸ್ಕ್ರೀನ್‌ಶಾಟನ್ನೂ ಕೊಳ್ಳುವ ದಿನವೇ ತೆಗೆದಿಟ್ಟುಕೊಳ್ಳಿ, ಆಮೇಲೆ ಜಾಹೀರಾತು ಮಾಯವಾಗುತ್ತದೆ.

ನನಗೆ ಮಾರಿದವನ ಜಾಹೀರಾತೂ ಹಾಗೇ ಮಾಯವಾಯಿತು. ಮೊನ್ನೆ ಬೇರೆ ಅಂಗಡಿ ಹೆಸರಿನಲ್ಲಿ ಅವೇ ರೆಂಡರ್ ಚಿತ್ರ, ಅದೇ ಬಿಳಿ ನಕ್ಷತ್ರ ಕಣ್ಣಿಗೆ ಬಿತ್ತು. ಈ ಸಲ 1/24 ಅಂತೆ, 140 ಪೌಂಡ್.