ಬೈಸಿಕಲ್ಲಾ, ಕಾಂಗ್ರೆಸ್ಸಾ? ಹಳೇ ಅಮೆರಿಕನ್ ಇಸ್ಪೀಟ್ ತಗೊಳ್ಳೋರಿಗೆ
ಎರಡೂ ಅಮೆರಿಕದ ಸಿನ್ಸಿನಾಟಿ ಊರಿನ ಒಂದೇ ಕಂಪನಿಯ ಇಸ್ಪೀಟ್ ಬ್ರ್ಯಾಂಡ್‌ಗಳು, ಆದ್ರೆ ಸ್ವಭಾವ ಬೇರೆ ಬೇರೆ. ಬೈಸಿಕಲ್ 808 ಬಂದಿದ್ದು 1885ರಲ್ಲಿ, ಆಟ ಆಡೋರಿಗೆ ಅಂತಾನೇ, ಬೆನ್ನ ಮೇಲೆ ಸಾಮಾನ್ಯವಾಗಿ ಒಂದೇ ಬಣ್ಣ, ರೈಡರ್ ಬ್ಯಾಕ್ ಅನ್ನೋ ಡಿಸೈನಲ್ಲಿ ರೆಕ್ಕೆ ಇರೋ ಮಗು ಸೈಕಲ್ ತುಳೀತಿರತ್ತಲ್ಲ ಅದು ಇವತ್ತಿಗೂ ಪ್ರಿಂಟ್ ಆಗ್ತಿದೆ, ಹಂಗಾಗಿ ಹುಡುಕೋ ಮಜಾ ಇರೋದು ನಿಂತೋದ ಅಕಾರ್ನ್, ಥಿಸಲ್ ತರದ ಡಿಸೈನ್‌ಗಳಲ್ಲಿ. ಕಾಂಗ್ರೆಸ್ 606 ಅಂದ್ರೆ ಶೋಕಿ, ಚಿನ್ನದ ಅಂಚು, ಬೆನ್ನ ಮೇಲೆ ಬಣ್ಣಬಣ್ಣದ ಪೂರ್ತಿ ಚಿತ್ರ. ಗೋಡೆಗೆ ಫ್ರೇಮ್ ಹಾಕೋದಾದ್ರೆ ಕಣ್ಮುಚ್ಚಿ ಇದೇ ತಗೊಳ್ಳಿ, ಆದ್ರೆ ಅಂಚಿನ ಚಿನ್ನದ ಲೇಪ ಸವೆದಿದ್ಯಾ ನೋಡ್ಕೊಳ್ಳಿ. ನನ್ ಓಟು ಬೈಸಿಕಲ್‌ಗೆ, ಕಾಲ ಗುರುತಿಸೋ ಆಟ ನಂಗಿಷ್ಟ. ಸ್ಪೇಡ್ ಎಕ್ಕದ ಮೇಲಿನ ಕೋಡ್ ಓದಿದ್ರೆ ವರ್ಷದ ಅಂದಾಜು ಸಿಗತ್ತೆ. ಪ್ಯಾಕ್ ಮೇಲಿನ ಟ್ಯಾಕ್ಸ್ ಸ್ಟ್ಯಾಂಪ್ ಮಾತ್ರ ಕೀಳ್ಬೇಡಿ ಮಾರಾಯ್ರೆ, ಇಸ್ಪೀಟ್ ಮೇಲಿನ ಆ ತೆರಿಗೆ 1965ಕ್ಕೇ ನಿಂತೋಯ್ತು, ಹಂಗಾಗಿ ಸ್ಟ್ಯಾಂಪ್ ಇದ್ರೆ ಪ್ಯಾಕ್ ಅಷ್ಟು ಹಳೇದು ಅನ್ನೋಕೆ ಅದೇ ಗುರುತು.