ಲೊರಾಜೆಪಾಮ್: ತಮ್ಮನ ಸ್ಕಿಜೋಫ್ರೇನಿಯಾಕ್ಕೆ ಕೊಟ್ಟ ಶಾಮಕ ಮಾತ್ರೆಯ ವಿಮರ್ಶೆ

ಲೊರಾಜೆಪಾಮ್ ನಮ್ಮ ಮನೆಯ ಕಥೆಯೊಳಗೆ ಬಂದದ್ದು ಮಾತ್ರೆಯಾಗಿ ಅಲ್ಲ, ಚುಚ್ಚುಮದ್ದಾಗಿ. ಸ್ಕಿಜೋಫ್ರೇನಿಯಾ ಇರುವ ನನ್ನ ತಮ್ಮ ಎರಡು ದಿನ ಮಂಚದ ಅಂಚಿನಲ್ಲಿ ಕಲ್ಲಿನಂತೆ ಕುಳಿತುಬಿಟ್ಟಿದ್ದ; ಅನ್ನವಿಲ್ಲ, ಮಾತಿಲ್ಲ, ನಾವು ಎತ್ತಿದ ಕೈ ಎತ್ತಿದಲ್ಲಿಯೇ ನಿಲ್ಲುತ್ತಿತ್ತು. ಇದನ್ನು ಕೆಟಟೋನಿಯಾ ಎನ್ನುತ್ತಾರೆಂದು ಹೇಳಿದ ವೈದ್ಯರು 2 ಮಿಲಿಗ್ರಾಂ ಲೊರಾಜೆಪಾಮ್ ಚುಚ್ಚಿದರು. ಮಲಗಿಸುವ ಔಷಧಿಯನ್ನು ಅಲ್ಲಾಡದೆ ಕುಳಿತವನಿಗೆ ಏಕೆ ಕೊಡುತ್ತಾರೆ ಎಂದು ನಾನು ಯೋಚಿಸುತ್ತಿರುವಾಗಲೇ, ಒಂದು ಗಂಟೆಯೊಳಗೆ ಅವನು ಕುತ್ತಿಗೆ ತಿರುಗಿಸಿ ನೀರು ಕೇಳಿದ. ಈ ಒಂದು ಕೆಲಸಕ್ಕೆ ನಾನು ಐದಕ್ಕೆ ಐದು ಅಂಕ ಕೊಡುತ್ತೇನೆ. ಎಲ್ಲರಿಗೂ ಹೀಗೆಯೇ ಆಗುತ್ತದೆಂದು ತಿಳಿಯಬಾರದು. ಸ್ಕಿಜೋಫ್ರೇನಿಯಾದ ಹಳೆಯ, ಬೇರೂರಿದ ಕೆಟಟೋನಿಯಾಕ್ಕೆ ಇದು ಅಷ್ಟಾಗಿ ಒಗ್ಗುವುದಿಲ್ಲ, ಒಗ್ಗದಿದ್ದರೆ ವಿದ್ಯುತ್ ಕಂಪನ ಚಿಕಿತ್ಸೆಯೇ ಮುಂದಿನ ದಾರಿ.

ಉದ್ರೇಕಗೊಂಡು ಕೂಗಾಡುವ ರೋಗಿಯನ್ನು ಶಾಂತಗೊಳಿಸುವುದರಲ್ಲಿಯೂ ಇದು ಸಮರ್ಥವಾಗಿದೆ. ವೆಲ್ಲೂರಿನಲ್ಲಿ 200 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲೊರಾಜೆಪಾಮ್ ಚುಚ್ಚುಮದ್ದನ್ನು ಹ್ಯಾಲೊಪೆರಿಡಾಲ್ (ಮನೋವಿಕೃತಿಗೆ ಕೊಡುವ ಔಷಧಿ) ಮತ್ತು ಪ್ರೊಮೆಥಜಿನ್ (ನಿದ್ರೆ ತರುವ ಅಲರ್ಜಿ ಔಷಧಿ) ಜೋಡಿಯೊಂದಿಗೆ ಹೋಲಿಸಲಾಗಿತ್ತು. ನಾಲ್ಕು ಗಂಟೆಗಳ ನಂತರ ಎರಡೂ ಗುಂಪುಗಳಲ್ಲಿ ಶೇ 96ರಷ್ಟು ಜನ ಶಾಂತರಾಗಿದ್ದರು ಇಲ್ಲವೇ ನಿದ್ರಿಸಿದ್ದರು. ಆದರೆ ನಿದ್ರೆಗೆ ಜಾರಿದವರು ಜೋಡಿ ಮದ್ದಿನಲ್ಲಿ ಶೇ 76, ಲೊರಾಜೆಪಾಮ್‌ನಲ್ಲಿ ಶೇ 45. ಗಲಾಟೆ ನಿಲ್ಲಬೇಕು, ಆದರೆ ರೋಗಿಯೊಂದಿಗೆ ಮಾತನಾಡುವುದೂ ಸಾಧ್ಯವಾಗಬೇಕು ಎನ್ನುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ನನ್ನ ದೂರು ಇರುವುದು ಅನಂತರದ ಐದು ತಿಂಗಳುಗಳ ಬಗ್ಗೆ. ನಾವು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಪ್ರತಿ ಭೇಟಿಗೂ ಹಳೆಯ ಚೀಟಿಯನ್ನೇ ನಕಲು ಮಾಡಿ ಕೊಡುತ್ತಿದ್ದರು, ರಿಸ್ಪೆರಿಡೋನ್ ಜೊತೆ ದಿನಕ್ಕೆರಡು ಲೊರಾಜೆಪಾಮ್. ಅವನು ಬೆಳಿಗ್ಗೆ ಹತ್ತಾದರೂ ಏಳುತ್ತಿರಲಿಲ್ಲ, ಹೇಳಿದ ಮಾತು ಮರೆಯುತ್ತಿದ್ದ, ಸ್ನಾನದ ಮನೆಯಲ್ಲಿ ಒಮ್ಮೆ ಜಾರಿ ಬಿದ್ದ. ಕಿವಿಯಲ್ಲಿ ಕೇಳಿಸುತ್ತಿದ್ದ ಧ್ವನಿಗಳನ್ನು ತಗ್ಗಿಸಿದ್ದು ರಿಸ್ಪೆರಿಡೋನ್; ಅದರ ಪ್ರಮಾಣ ಸರಿಹೋಗುವವರೆಗೆ ಲೊರಾಜೆಪಾಮ್ ಎಷ್ಟೇ ನುಂಗಿದರೂ ಧ್ವನಿಗಳು ಇದ್ದಂತೆಯೇ ಇದ್ದವು. ಇದು ನಮ್ಮೊಬ್ಬರ ಅನುಭವವಲ್ಲ: ಲೊರಾಜೆಪಾಮ್ ಸೇರಿರುವ ಬೆಂಜೋಡಯಜೆಪಿನ್ ಗುಂಪಿನ ಔಷಧಿಗಳು ಅಲ್ಪಕಾಲದ ಶಮನದಾಚೆಗೆ ಸ್ಕಿಜೋಫ್ರೇನಿಯಾದ ಲಕ್ಷಣಗಳನ್ನು ತಗ್ಗಿಸುತ್ತವೆ ಎನ್ನಲು ನಂಬತಕ್ಕ ಪುರಾವೆಯಿಲ್ಲವೆಂದು ಪ್ರಯೋಗಗಳನ್ನೆಲ್ಲ ಒಟ್ಟಾಗಿ ಪರಿಶೀಲಿಸಿದವರೂ ಹೇಳಿದ್ದಾರೆ.

ಇಲ್ಲಿ ನನ್ನನ್ನು ಬಹಳ ಕಾಡಿದ ಪ್ರಶ್ನೆಯೊಂದಿದೆ. ಗಾಬಾ ಮಿದುಳಿನ ಮುಖ್ಯ ತಡೆರಾಸಾಯನಿಕ, ನರಕೋಶಗಳ ಉದ್ರೇಕಕ್ಕೆ ಕಡಿವಾಣ ಹಾಕುವಂಥದ್ದು. 1950ರಲ್ಲಿ ಅದನ್ನು ಮಿದುಳಿನಲ್ಲಿ ಗುರುತಿಸಿದವರಲ್ಲೊಬ್ಬರಾದ ಯೂಜೀನ್ ರಾಬರ್ಟ್ಸ್, ಸ್ಕಿಜೋಫ್ರೇನಿಯಾದಲ್ಲಿ ಗಾಬಾ ವ್ಯವಸ್ಥೆಯೇ ದುರ್ಬಲವಾಗಿರಬಹುದೆಂದು 1972ರಲ್ಲಿ ಊಹಿಸಿದ್ದರು. ಮರಣಾನಂತರ ಪರೀಕ್ಷಿಸಿದ ಮಿದುಳುಗಳ ಮುಂಭಾಗದಲ್ಲಿ, ಗಾಬಾ ತಯಾರಿಸುವ ಕಿಣ್ವದ ಕೊರತೆ ಮುಂದೆ ಮತ್ತೆ ಮತ್ತೆ ಕಂಡುಬಂದಿತು. ಹಾಗಾದರೆ ಗಾಬಾಕ್ಕೆ ಬಲ ಕೊಡುವ ಲೊರಾಜೆಪಾಮ್ ರೋಗವನ್ನೇ ಹಿಡಿತಕ್ಕೆ ತರಬೇಕಿತ್ತಲ್ಲವೇ? ಈ ಮಾತ್ರೆ ಗಾಬಾವನ್ನು ಉತ್ಪಾದಿಸುವುದಿಲ್ಲ. ಇರುವ ಗಾಬಾ ನರಕೋಶದ ಮೇಲಿರುವ ತನ್ನ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿದಾಗ ಅದರ ಬಾಗಿಲು ಹೆಚ್ಚು ಸಲ ತೆರೆದುಕೊಳ್ಳುವಂತೆ ಮಾಡುತ್ತದೆ, ಕ್ಲೋರೈಡ್ ಒಳನುಗ್ಗಿ ಕೋಶ ಸುಮ್ಮನಾಗುತ್ತದೆ, ಅದೂ ಮಿದುಳಿನ ಉದ್ದಗಲಕ್ಕೂ. ಸ್ಕಿಜೋಫ್ರೇನಿಯಾದಲ್ಲಿ ಎಡವಿರುವುದಾದರೋ ಸುತ್ತಲಿನ ಕೋಶಗಳಿಗೆ ಲಯ ಕೊಡುವ ಕೆಲವೇ ಬಗೆಯ ಗಾಬಾ ಕೋಶಗಳು ಎಂಬುದು ಈಗಿನ ಪ್ರಬಲ ವಾದ. ಭಜನೆಯ ಮೇಳದಲ್ಲಿ ತಾಳದವನು ತಪ್ಪಿದಾಗ ಹಾಡುವವರೆಲ್ಲರ ದನಿಯನ್ನು ತಗ್ಗಿಸಿದರೆ ಗದ್ದಲವೇನೋ ಕಡಿಮೆಯಾದೀತು, ತಾಳ ಕೂಡುವುದಿಲ್ಲ. ಗಾಬಾ ಗ್ರಾಹಕದ ಒಂದು ಉಪಬಗೆಯನ್ನೇ ಗುರಿಯಾಗಿಸಿದ ಔಷಧಿಯೊಂದನ್ನೂ ಪರೀಕ್ಷಿಸಿದ್ದರು. ಮೊದಲ ಸಣ್ಣ ಪ್ರಯೋಗ ಆಸೆ ಹುಟ್ಟಿಸಿತು, 2011ರ ದೊಡ್ಡದು ಕೈಕೊಟ್ಟಿತು.

ಬಳಸುವವರು ತಿಳಿದಿರಬೇಕಾದ ಅಪಾಯಗಳು ಹಲವಿವೆ. ವಾರಗಟ್ಟಲೆ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ಅಪಸ್ಮಾರದಂಥ ಸೆಳವು ಬರಬಹುದು, ಕೆಟಟೋನಿಯಾ ಮರಳಲೂಬಹುದು. ನಮಗೆ ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ ಇಳಿಸಲು ಎರಡು ತಿಂಗಳೇ ಹಿಡಿಯಿತು. ಮದ್ಯದೊಂದಿಗೆ ಇದು ಉಸಿರಾಟವನ್ನು ಕುಗ್ಗಿಸುತ್ತದೆ. ಬೇರೆ ಮದ್ದುಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೊಜಾಪಿನ್ ಆರಂಭಿಸುವಾಗ ವಿಶೇಷ ಎಚ್ಚರ ಬೇಕು. ಬೆಲೆ ದುಬಾರಿಯಲ್ಲ, ಚೀಟಿ ಕೇಳದೆ ಮಾತ್ರೆಗಳ ಇಡೀ ಪಟ್ಟಿ ಕೊಟ್ಟ ಔಷಧಿ ಅಂಗಡಿಯೊಂದನ್ನೂ ಕಂಡಿದ್ದೇನೆ, ಅದು ಅನುಕೂಲವೆಂದು ಆಗ ಅನ್ನಿಸಿದ್ದು ಈಗ ನಾಚಿಕೆ ತರುತ್ತದೆ.

ಒಟ್ಟು ಅಂಕ ಕೇಳಿದರೆ, ಕೆಟಟೋನಿಯಾಕ್ಕೆ ಐದು, ಉದ್ರೇಕದ ಮೊದಲ ದಿನಗಳಿಗೆ ನಾಲ್ಕು, ತಿಂಗಳುಗಟ್ಟಲೆ ಕೊಡುವುದಕ್ಕೆ ಒಂದು. ಈಗ ನೋಡುತ್ತಿರುವ ವೈದ್ಯರು ಅವನು ಮತ್ತೆ ಬಿಗಿಯಾಗತೊಡಗಿದರೆ ತಮಗೆ ಫೋನ್ ಮಾಡಿ ಕೊಡಿ ಎಂದು ಹತ್ತು ಮಾತ್ರೆ ಬರೆದುಕೊಟ್ಟಿದ್ದಾರೆ. ಒಂದು ವರ್ಷವಾಯಿತು, ಅಮ್ಮನ ಬೀರುವಿನಲ್ಲಿ ಇನ್ನೂ ಏಳು ಉಳಿದಿವೆ.