ಹಳೇ ಬೈಕಿನ ಕಾರ್ಬ್ಯುರೇಟರ್: ತೊಳೆಸೋದಾ, ಹೊಸದು ಹಾಕಿಸೋದಾ?

ಸಂಪಾಜೆ ಘಾಟಿ ಹತ್ತುವಾಗ ಬೈಕು ಮುಗ್ಗರಿಸುತ್ತಿದ್ದರೆ ಚೋಕ್ (ಗಾಳಿಗಿಂತ ಪೆಟ್ರೋಲ್ ಪಾಲು ಹೆಚ್ಚಿಸುವ ಗುಂಡಿ) ಅರ್ಧ ಎಳೆದು ನೋಡಿ. ಎಳೆತ ಸುಧಾರಿಸಿತೇ? ಪೆಟ್ರೋಲ್ ಸಾಲುತ್ತಿಲ್ಲ: ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಕಟ್ಟಿದೆ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ. ಇನ್ನೂ ಹದಗೆಟ್ಟರೆ ಗಾಳಿ ಸಾಲುತ್ತಿಲ್ಲ, ಮೊದಲು ಏರ್ ಫಿಲ್ಟರ್ ಬಿಚ್ಚಿ. ನಮ್ಮ ಮಳೆಗೆ ಅದು ಒದ್ದೆಯಾಗಿಯೇ ಇರುತ್ತದೆ.

ಮಳೆಗಾಲವಿಡೀ ನಿಂತ ಗಾಡಿಗೆ ಕಾರ್ಬ್ಯುರೇಟರ್ ತೊಳೆದರೆ ಸಾಕು. ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನ (ಫ್ಲೋಟ್ ಬೌಲ್) ಡ್ರೈನ್ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ. ತಳದಲ್ಲಿ ಗುಂಡುಗುಂಡಾಗಿ ಕೂತದ್ದು ನೀರು. ಪೈಲಟ್ ಜೆಟ್‌ಗೆ (ಗಾಡಿ ಐಡಲ್‌ನಲ್ಲಿರುವಾಗ ಪೆಟ್ರೋಲ್ ಕೊಡುವ ಸಣ್ಣ ಜೆಟ್) ಕ್ಲೀನರ್ ಹೊಡೆದು ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ಗುಂಡುಸೂಜಿ ತೂರಿಸಬೇಡಿ, ತೂತು ಹಿಗ್ಗಿದರೆ ಗಾಡಿ ಪೆಟ್ರೋಲ್ ಕುಡಿಯುತ್ತದೆ.

ಸ್ಲೈಡ್ (ಕಾರ್ಬ್ಯುರೇಟರಿನೊಳಗೆ ಮೇಲೆ ಕೆಳಗೆ ಸರಿದು ಗಾಳಿಯ ದಾರಿ ತೆರೆಯುವ ಭಾಗ) ಸವೆದು ಗಡಗಡ ಅಲ್ಲಾಡುತ್ತಿದ್ದರೆ ಹೊಸ ಕಾರ್ಬ್ಯುರೇಟರೇ ಗತಿ. ಆಗ ಅಗ್ಗದ ನಕಲಿ ಬೇಡ. ಜೆಟ್ ನಂಬರ್ ಹೊಂದದೆ ದೊಡ್ಡದಾದರೆ ಪ್ಲಗ್ ಮಸಿ ಹಿಡಿಯುತ್ತದೆ.